ಚಳಿಗಾಲದ ಬೈಕ್ ಸವಾರಿ: ಮೊದಲು ಕೈ, ಆಮೇಲೆ ಕಣ್ಣು

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿಯಿತು ಎಂದರೆ ಬೆಂಗಳೂರಿನಲ್ಲಿ ಬೆಳಗಿನ ಬೈಕ್ ಸವಾರಿಯ ಲೆಕ್ಕವೇ ಬದಲಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಸಾಮಾನ್ಯವಾಗಿ 15-16 ಡಿಗ್ರಿ, ಮಧ್ಯಾಹ್ನ 27ರ ಆಸುಪಾಸು. ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದು 1884ರ ಜನವರಿ 13ರ ಮಾತು. ಈಗ ಅಷ್ಟು ಚಳಿ ಇಲ್ಲ, ನಿಜ. ಮನೆಯೊಳಗೆ ಕೂತವರಿಗೆ 15 ಡಿಗ್ರಿ ಹಿತವೇ. ಬೈಕ್ ಮೇಲೆ ಕೂತವರಿಗೆ ಹಾಗಲ್ಲ. ಎದುರು ಗಾಳಿ ಮೈಯ ಬಿಸಿಯನ್ನು ಒಂದೇ ಸಮ ಹೊತ್ತುಕೊಂಡು ಹೋಗುತ್ತಿರುತ್ತದೆ.

ಅದರ ಮೊದಲ ಪೆಟ್ಟು ಬೀಳುವುದು ಬೆರಳುಗಳಿಗೆ. ಮರಗಟ್ಟಿದ ಬೆರಳು ಬ್ರೇಕ್ ಹಿಡಿಯುವುದು ತಡ. ಎರಡನೆಯದು ಕಣ್ಣಿಗೆ. ವೈಸರ್ ಮಬ್ಬಾದರೆ ಎದುರಿನ ಹಂಪ್ ಕಾಣುವುದು ತಡ. 50 ಕಿ.ಮೀ. ವೇಗದಲ್ಲಿ ಹೋಗುವ ಬೈಕ್ ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ದಾಟಿರುತ್ತದೆ. ಹಾಗಾಗಿ ಸ್ವೆಟರ್‌ಗಿಂತ ಮೊದಲು ಕೈ ಮತ್ತು ಕಣ್ಣಿನ ಬಗ್ಗೆ ಯೋಚಿಸಿ. ಪೀಣ್ಯದ ಮೊದಲ ಶಿಫ್ಟಿಗೆ ಹೋಗುವವರು, ಮನೆಮನೆಗೆ ಪೇಪರ್, ಹಾಲು ಹಾಕುವವರು, ಬೆಳಿಗ್ಗೆ ಏಳಕ್ಕೇ ಮಕ್ಕಳನ್ನು ಶಾಲೆಗೆ ಬಿಡುವವರು ಇದನ್ನು ಸ್ವಲ್ಪ ಗಮನ ಕೊಟ್ಟು ಓದಬೇಕು.

ಹಿಂದಿನ ರಾತ್ರಿ: ವೈಸರ್ ತೊಳೆಯಿರಿ

ವೈಸರ್ ಮಬ್ಬಾಗುವುದು ನಮ್ಮ ಉಸಿರಿನಿಂದಲೇ. ಉಸಿರಿನ ತೇವ ತಣ್ಣಗಿನ ವೈಸರ್‌ಗೆ ತಾಗಿ ಸಣ್ಣ ಸಣ್ಣ ಹನಿಯಾಗಿ ನಿಲ್ಲುತ್ತದೆ. ಇದಕ್ಕೆ ಮನೆಯಲ್ಲೇ ಉಪಾಯ ಇದೆ. ಮೊದಲು ವೈಸರ್ ಅನ್ನು ನೀರಿನಲ್ಲಿ ತೊಳೆದು ಧೂಳು ಹೋಗಿಸಿ. ಒಣಬಟ್ಟೆಯಲ್ಲಿ ಉಜ್ಜಿದರೆ ಧೂಳೇ ಗೀರು ಹಾಕುತ್ತದೆ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ತೆಗೆದುಕೊಂಡು ಒಳಬದಿಗೆ ಮಾತ್ರ ತೆಳ್ಳಗೆ ಸವರಿ. ಒಂದೆರಡು ನಿಮಿಷ ಬಿಟ್ಟು ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಕಲೆ ಉಳಿಯದಂತೆ ಒರೆಸಿ. ನೀರು ಹಾಕಬೇಡಿ. ಆ ತೆಳು ಪದರ ಇರುವವರೆಗೆ ತೇವ ಹನಿಯಾಗದೆ ಹರಡಿಕೊಳ್ಳುತ್ತದೆ, ಎದುರಿನದು ಕಾಣುತ್ತದೆ. ಕೆಲವು ದಿನಕ್ಕೊಮ್ಮೆ ಮತ್ತೆ ಮಾಡಬೇಕು. ಕನ್ನಡಕಕ್ಕೂ ಇದೇ ಉಪಾಯ ನಡೆಯುತ್ತದೆ. ಪೆಟ್ರೋಲ್, ಥಿನ್ನರ್ ಮಾತ್ರ ವೈಸರ್ ಹತ್ತಿರಕ್ಕೂ ತರಬೇಡಿ, ಅದರ ಪ್ಲಾಸ್ಟಿಕ್ ಹಾಳಾಗುತ್ತದೆ.

ಕಪ್ಪು ವೈಸರ್ ಇದ್ದರೆ ಈ ತಿಂಗಳುಗಳಲ್ಲಿ ಬದಲಾಯಿಸುವುದು ಒಳ್ಳೆಯದು. ಜನವರಿ ಮಧ್ಯದಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದೇ ಸುಮಾರು 6:45ಕ್ಕೆ. ಆರು ಗಂಟೆಗೆ ಮನೆ ಬಿಡುವವರಿಗೆ ಅದು ಇನ್ನೂ ರಾತ್ರಿಯೇ.

ಸ್ಟಾರ್ಟ್ ಮಾಡುವಾಗ

ಹಳೆಯ ಕಾರ್ಬೊರೇಟರ್ ಬೈಕ್ ಆದರೆ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಎಂಜಿನ್ ಸಮನಾಗಿ ಓಡತೊಡಗಿದ ಕೂಡಲೇ ಚೋಕ್ ಒಳಗೆ ತಳ್ಳಿ. ಮರೆತು ಹಾಗೇ ಹೋದರೆ ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ. ಫ್ಯುಯೆಲ್ ಇಂಜೆಕ್ಷನ್ ಬೈಕಿನಲ್ಲಿ ಚೋಕ್ ಇರುವುದಿಲ್ಲ. ಕೀ ಆನ್ ಮಾಡಿದಾಗ ಪೆಟ್ರೋಲ್ ಪಂಪಿನ ಗುಂಯ್ ಎನ್ನುವ ಸದ್ದು ಬರುತ್ತದೆ. ಅದು ನಿಂತ ಮೇಲೆ ಸೆಲ್ಫ್ ಒತ್ತಿ.

ಚಳಿಯಲ್ಲಿ ಬ್ಯಾಟರಿಯ ಬಲ ಕುಗ್ಗುತ್ತದೆ. ಒಂದೇ ಸಮ ಸೆಲ್ಫ್ ಒತ್ತಿ ಹಿಡಿದರೆ ಇರುವ ಚಾರ್ಜೂ ಹೋಗುತ್ತದೆ. ಐದು ಸೆಕೆಂಡಿಗಿಂತ ಜಾಸ್ತಿ ಬೇಡ. ಸ್ವಲ್ಪ ಬಿಟ್ಟು ಮತ್ತೆ ಒತ್ತಿ. ಕಿಕ್ಕರ್ ಇದ್ದರೆ ಬೆಳಗಿನ ಮೊದಲ ಸ್ಟಾರ್ಟ್‌ಗೆ ಅದನ್ನೇ ಬಳಸಿ.

ಎಂಜಿನ್ ಬಿಸಿಯಾಗಲಿ ಎಂದು ಐದು ಹತ್ತು ನಿಮಿಷ ನಿಲ್ಲಿಸಿಕೊಂಡು ಆಕ್ಸಿಲರೇಟರ್ ತಿರುವುತ್ತಾರಲ್ಲ, ಅದು ಬೇಕಾಗಿಲ್ಲ. ಅರ್ಧ ನಿಮಿಷ ಸಾಕು. ಆಮೇಲೆ ಮೊದಲ ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಹೋಗಿ. ಎಂಜಿನ್ ಆಯಿಲ್ ಎಲ್ಲ ಕಡೆ ತಲುಪುವುದಕ್ಕೂ, ಟೈರ್ ಬೆಚ್ಚಗಾಗಿ ರಸ್ತೆ ಹಿಡಿಯುವುದಕ್ಕೂ ಅಷ್ಟು ಸಮಯ ಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಂತೂ ಎಂಜಿನ್ ಓಡಿಸುತ್ತಾ ನಿಲ್ಲಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪ್ರಾಣ ತೆಗೆಯುವ ಗಾಳಿ ಅದು.

ಟೈರಿನ ಗಾಳಿಯನ್ನು ವಾರಕ್ಕೊಮ್ಮೆ ನೋಡಿಸಿ. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಗಾಳಿ ಸುಮಾರು ಒಂದು ಪಿಎಸ್‌ಐ ಕಡಿಮೆಯಾಗುತ್ತದೆ. ಓಡಿ ಬಿಸಿಯಾದ ಟೈರಿನಲ್ಲಿ ಲೆಕ್ಕ ಜಾಸ್ತಿ ತೋರಿಸುತ್ತದೆ. ಅದಕ್ಕೆ ಮನೆಗೆ ಹತ್ತಿರದ ಬಂಕಿನಲ್ಲಿ, ಬೆಳಿಗ್ಗೆಯೇ ಹೊಡೆಸಿ. ಎಷ್ಟು ಬೇಕು ಎಂಬುದು ಬೈಕಿನ ಸ್ಟಿಕರ್ ಮೇಲೆ ಅಥವಾ ಮ್ಯಾನುಯಲ್‌ನಲ್ಲಿ ಇರುತ್ತದೆ.

ಏನು ಹಾಕಿಕೊಳ್ಳಬೇಕು?

ದಪ್ಪ ಉಣ್ಣೆ ಸ್ವೆಟರ್ ಒಂದನ್ನೇ ನಂಬಿದರೆ ಆಗದು. ನೇಯ್ಗೆಯ ಸಂದಿನಲ್ಲಿ ಗಾಳಿ ನುಗ್ಗುತ್ತದೆ. ಒಳಗೆ ಹತ್ತಿ ಬನಿಯನ್, ಅದರ ಮೇಲೆ ಶರ್ಟು, ತೆಳು ಸ್ವೆಟರ್, ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ಜರ್ಕಿನ್. ಹೀಗೆ ಪದರ ಪದರವಾಗಿ ಹಾಕಿಕೊಂಡರೆ ಹನ್ನೊಂದು ಗಂಟೆಗೆ ಬಿಸಿಲೇರಿದಾಗ ಒಂದೊಂದಾಗಿ ತೆಗೆಯಬಹುದು. ಬೆಂಗಳೂರಿನ ಚಳಿಗೆ ಇದು ಬಹಳ ಮುಖ್ಯ. ಇಲ್ಲಿ ದಿನವಿಡೀ ಚಳಿ ಇರುವುದಿಲ್ಲವಲ್ಲ. ಒಳ್ಳೆಯ ಜರ್ಕಿನ್ ಇಲ್ಲವೇ? ಎದೆಗೆ ನಾಲ್ಕು ಹಾಳೆ ಹಳೆಯ ದಿನಪತ್ರಿಕೆ ಇಟ್ಟು ಮೇಲೆ ಜಿಪ್ ಹಾಕಿ. ಗಾಳಿ ಚೆನ್ನಾಗಿ ತಡೆಯುತ್ತದೆ.

ಗ್ಲೌಸ್ ಕೊಳ್ಳುವಾಗ ಮಾತ್ರ ಅವಸರ ಬೇಡ. ದಪ್ಪಗಿದ್ದಷ್ಟೂ ಒಳ್ಳೆಯದು ಎಂದುಕೊಳ್ಳುತ್ತೇವೆ. ಆದರೆ ತೀರಾ ದಪ್ಪಗಿದ್ದರೆ ಬ್ರೇಕ್ ಎಷ್ಟು ಒತ್ತಿದೆ ಎಂಬುದೇ ಬೆರಳಿಗೆ ತಿಳಿಯುವುದಿಲ್ಲ. ಅಂಗಡಿಯಲ್ಲೇ ಗ್ಲೌಸ್ ಹಾಕಿಕೊಂಡು ಹೊರಗೆ ನಿಂತ ನಿಮ್ಮ ಬೈಕಿನ ಬ್ರೇಕ್ ಹಿಡಿದು ನೋಡಿ. ಇಂಡಿಕೇಟರ್ ಸರಿಸಿ, ಹಾರನ್ ಒತ್ತಿ. ಮೂರೂ ಸಲೀಸಾದರೆ ತೆಗೆದುಕೊಳ್ಳಿ. ಮಣಿಕಟ್ಟು ಮುಚ್ಚುವಷ್ಟು ಉದ್ದ ಇರಲಿ. ಜರ್ಕಿನ್ ತೋಳಿಗೂ ಗ್ಲೌಸ್‌ಗೂ ನಡುವೆ ಸಂದು ಬಿಟ್ಟರೆ ಗಾಳಿ ತೋಳಿನ ಒಳಗೇ ಹೋಗುತ್ತದೆ. ಉಣ್ಣೆ ಗ್ಲೌಸ್ ಮಾತ್ರ ಇದ್ದರೆ ಅದರೊಳಗೆ ತೆಳುವಾದ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಸಿಗ್ನಲ್‌ನಲ್ಲಿ ನಿಂತಾಗ ಕೈ ಬೆಚ್ಚಗಾಗಲಿ ಎಂದು ಎಂಜಿನ್ ಮುಟ್ಟುವ ಅಭ್ಯಾಸ ಬಿಡಿ, ಸಿಂಥೆಟಿಕ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆರಳು ಮಾತು ಕೇಳುತ್ತಿಲ್ಲ ಎನಿಸಿದರೆ ಬೈಕ್ ಬದಿಗೆ ಹಾಕಿ, ಯಾವುದಾದರೂ ದರ್ಶಿನಿಯಲ್ಲಿ ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದು ಐದು ನಿಮಿಷ ನಿಲ್ಲಿ. ಕೆಲಸಕ್ಕೆ ಐದು ನಿಮಿಷ ತಡವಾದರೂ ಪರವಾಗಿಲ್ಲ.

ದಪ್ಪ ಮಂಕಿ ಕ್ಯಾಪ್ ಮೇಲೆ ಹೆಲ್ಮೆಟ್ ಹಾಕಿದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಕಿವಿಗೆ ಸದ್ದೂ ಕೇಳುವುದಿಲ್ಲ. ತೆಳು ಬಟ್ಟೆಯ ಕುಲಾವಿ ಸಾಕು. ಮಫ್ಲರ್, ವೇಲ್, ಸೆರಗಿನ ತುದಿಯನ್ನು ಜರ್ಕಿನ್ ಒಳಗೆ ಸಿಕ್ಕಿಸಿ. ಚೈನಿಗೋ ಚಕ್ರಕ್ಕೋ ಸಿಕ್ಕರೆ ಕುತ್ತಿಗೆಗೇ ಕುತ್ತು.

ಮಗು ಜೊತೆಗಿದ್ದರೆ

ಮಕ್ಕಳನ್ನು ಮುಂದೆ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವುದನ್ನು ದಿನಾ ನೋಡುತ್ತೇವೆ. ಎದುರು ಗಾಳಿಯೆಲ್ಲ ಮೊದಲು ತಾಗುವುದು ಆ ಮಗುವಿನ ಎದೆಗೆ. ಬಿದ್ದರೆ ಮೊದಲ ಪೆಟ್ಟೂ ಅದಕ್ಕೇ. 2023ರ ಫೆಬ್ರುವರಿಯಿಂದ ನಿಯಮವೇ ಇದೆ: ನಾಲ್ಕು ವರ್ಷದೊಳಗಿನ ಮಗುವಿಗೆ ಸೇಫ್ಟಿ ಹಾರ್ನೆಸ್ ಬೆಲ್ಟ್, 9 ತಿಂಗಳು ದಾಟಿದ್ದರೆ ಹೆಲ್ಮೆಟ್, ವೇಗ 40 ಕಿ.ಮೀ. ಮೀರಬಾರದು. ದಯವಿಟ್ಟು ಪಾಲಿಸಿ. ನಿಮ್ಮ ಬೆನ್ನಿನ ಮರೆಯಲ್ಲಿ ಕೂತ ಮಗುವಿಗೆ ಚಳಿಯೂ ಕಡಿಮೆ.

ರಸ್ತೆಗೆ ಇಳಿದ ಮೇಲೆ

ಮಂಜು ಎಲ್ಲ ಕಡೆ ಒಂದೇ ಥರ ಬೀಳುವುದಿಲ್ಲ. ಹೆಬ್ಬಾಳ, ಜಕ್ಕೂರು, ಯಲಹಂಕದಂಥ ಕೆರೆ ಬದಿಯಲ್ಲಿ, ದೇವನಹಳ್ಳಿಯ ಬಯಲಿನಲ್ಲಿ ದಟ್ಟವಾಗಿರುತ್ತದೆ. ಆಕಾಶ ತಿಳಿಯಾಗಿದ್ದು, ಗಾಳಿ ಬೀಸದ ರಾತ್ರಿ ಕಳೆದ ಮೇಲೆ ಹೆಚ್ಚು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ, ಲೋ ಬೀಮ್ ಸಾಕು. ಓಡುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಳ್ಳಬೇಡಿ. ನೀವು ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವರಿಗೆ ತಿಳಿಯುವುದು ಹೇಗೆ? ವೈಸರ್ ಒಂದು ಗೀಟಿನಷ್ಟು ತೆರೆದಿರಲಿ.

ಇಬ್ಬನಿ ಬಿದ್ದ ಬೆಳಿಗ್ಗೆ ಟಾರು ಒಣಗಿದಂತೆ ಕಂಡರೂ ಕಬ್ಬಿಣ ಒದ್ದೆಯಾಗಿರುತ್ತದೆ. ಮೆಟ್ರೊ ಕೆಲಸದ ಕಡೆ ಹಾಸಿದ ತಗಡು, ಮ್ಯಾನ್‌ಹೋಲ್ ಮುಚ್ಚಳ, ಫ್ಲೈಓವರ್ ಕೂಡುವ ಜಾಗದ ಪಟ್ಟಿ, ಜೀಬ್ರಾ ಪಟ್ಟೆಯ ಬಣ್ಣ, ಮರದಡಿಯ ಒದ್ದೆ ಎಲೆ ಎಲ್ಲವೂ ಜಾರುತ್ತವೆ. ಅವುಗಳ ಮೇಲೆ ಬ್ರೇಕ್ ಹಿಡಿಯಬೇಡಿ, ಬೈಕ್ ವಾಲಿಸಬೇಡಿ.

ಚಳಿಗಾಲದಲ್ಲಿ ಸೂರ್ಯ ಹುಟ್ಟುವುದು ಆಗ್ನೇಯದ ಕಡೆಗೆ ಸರಿದು, ಮುಳುಗುವುದು ನೈಋತ್ಯಕ್ಕೆ. ಬೆಳಿಗ್ಗೆ ಎಂಟಕ್ಕೆ ಸರ್ಜಾಪುರ ರಸ್ತೆಯಲ್ಲಿ ಹೊರಗೆ ಹೋಗುವವರಿಗೂ, ಸಂಜೆ ಐದೂವರೆಗೆ ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆ ವಾಪಸಾಗುವವರಿಗೂ ಬಿಸಿಲು ನೇರ ಕಣ್ಣಿಗೆ. ಮುಂದಿನ ಗಾಡಿಯಿಂದ ದೂರ ಕಾಯ್ದುಕೊಳ್ಳಿ. ಎದುರಿನಿಂದ ಬರುವವರಿಗೆ ನೀವು ಚೆನ್ನಾಗಿಯೇ ಕಾಣುತ್ತೀರಿ. ನಿಮ್ಮ ಹಿಂದೆ ಬರುವವರಿಗೆ ಮಾತ್ರ ನೀವು ಕಾಣದೇ ಇರಬಹುದು, ಅವರ ಕಣ್ಣಿಗೂ ಅದೇ ಬಿಸಿಲು ಬಿದ್ದಿರುತ್ತದೆ.

ಸಂಜೆ

ಡಿಸೆಂಬರ್ ಶುರುವಿನಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಆಫೀಸು ಬಿಡುವಷ್ಟರಲ್ಲಿ ಕತ್ತಲೆ. 2017ರ ಏಪ್ರಿಲ್‌ನಿಂದ ಬಂದ ಬೈಕ್‌ಗಳಲ್ಲಿ ಹೆಡ್‌ಲೈಟ್ ತಾನೇ ಉರಿಯುತ್ತದೆ, ಅದರ ಮೇಲಿನ ಧೂಳು ಒರೆಸುವ ಕೆಲಸ ನಿಮ್ಮದು. ಹಿಂದಿನ ದೀಪ, ಬ್ರೇಕ್ ಲೈಟ್ ಉರಿಯುತ್ತಿದೆಯಾ ಎಂದು ಗೋಡೆಯ ಮುಂದೆ ನಿಲ್ಲಿಸಿ ನೋಡಿ. ಕಪ್ಪು ಜರ್ಕಿನ್ ಆದರೆ ಬೆನ್ನಿಗೂ ಹೆಲ್ಮೆಟ್ ಹಿಂಭಾಗಕ್ಕೂ ಬೆಳಕಿಗೆ ಹೊಳೆಯುವ ಟೇಪ್ ಅಂಟಿಸಿ.

ಮಳೆಗಾಲ ಮುಗಿಯಿತು ಎಂದು ರೇನ್‌ಕೋಟನ್ನು ಅಟ್ಟಕ್ಕೆ ಹಾಕಬೇಡಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಡಿಸೆಂಬರ್‌ನಲ್ಲೂ ಎರಡು ಮೂರು ದಿನ ಜಿಟಿಜಿಟಿ ಹಿಡಿಯುತ್ತದೆ. ನೆನೆದ ಮೈಗೆ ಗಾಳಿ ಬಡಿದರೆ ಚಳಿ ಎರಡು ಪಟ್ಟು. ಮಳೆ ಇಲ್ಲದ ದಿನವೂ ರೇನ್‌ಕೋಟಿನ ಮೇಲಂಗಿಯನ್ನು ಸ್ವೆಟರ್ ಮೇಲೆ ಹಾಕಿಕೊಂಡರೆ ಗಾಳಿ ತಡೆಯುವ ಜರ್ಕಿನ್ ಆಯಿತು. ಮನೆ ತಲುಪಿದ ಕೂಡಲೇ, ಚೈನ್ ಇನ್ನೂ ಬೆಚ್ಚಗಿರುವಾಗ, ಎಂಜಿನ್ ಆಫ್ ಮಾಡಿ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಚೈನ್ ಲ್ಯೂಬ್ ಹಾಕಿ. ಒದ್ದೆ ಗ್ಲೌಸ್ ಹೆಲ್ಮೆಟ್ ಒಳಗೆ ತುರುಕಬೇಡಿ, ಬೆಳಿಗ್ಗೆಗೆ ಎರಡೂ ತಣ್ಣಗೆ ಸಿಗುತ್ತವೆ. ಹಗ್ಗದ ಮೇಲೆ ಬೇರೆಯಾಗಿ ಒಣಹಾಕಿ.