ಬೆಳಗಾವಿಯಿಂದ 6,000 ಮೀಟರ್ ಮ್ಯಾಲ: ಯುನಮ್ ಶಿಖರ ಹತ್ತೋದು ಹೆಂಗ?

ಹಗ್ಗ ಗಿಗ್ಗ ಹಿಡಿಯೋದು ಬರಲ್ರೀ, ಆದ್ರೂ 6,000 ಮೀಟರ್ ದಾಟಬೇಕು ಅನ್ನೋರಿಗೆ ಹಿಮಾಚಲದ ಲಾಹೌಲ್‌ನ್ಯಾಗ ಬಾರಾಲಾಚಾ ಲಾ ಕಣಿವೆ ದಾರಿ ಹತ್ರ ಯುನಮ್ ಐತಿ. ಎತ್ತರ 6,100 ಮೀಟರ್ ಮ್ಯಾಲ, ದಾರಿ ತುಂಬ ಜಾರೋ ಸಡ್ಲ ಕಲ್ಲು, ತುದಿಗೆ ಹಿಮ. ಮೊದ್ಲು ಎಲ್ಲಾರೂ ಲಡಾಖಿನ ಸ್ಟೋಕ್ ಕಾಂಗ್ರಿಗೆ ಓಡ್ತಿದ್ರು, ಅದನ್ನ 2020ರಾಗ ಬಂದ್ ಮಾಡಿದ್ರು. ಯುನಮ್‌ಗೆ ಜುಲೈ ಕಡೀಕಿಂದ ಸೆಪ್ಟೆಂಬರ್ ತನಕ ಹೋಗಬಹುದು, ಗೈಡ್ ಬೇಕಾ ಬೇಕು.

ಮೂರು ತಿಂಗ್ಳು ಮುಂಚೆ ತಯಾರಿ ಚಾಲೂ ಮಾಡ್ರಿ. ಬೆಳಗಾವಿಯವ್ರು ಬೆನ್ನಿಗೆ 8 ಕೆಜಿ ಬ್ಯಾಗ್ ಹಾಕ್ಕೊಂಡು ಯಳ್ಳೂರ ರಾಜಹಂಸಗಡ ಹತ್ತಿ ಇಳೀರಿ, ಬಾಗಲಕೋಟಿ ಕಡೆಯವ್ರಿಗೆ ಬಾದಾಮಿ ಮೆಟ್ಟಲ ಅದಾವ. ವಿಜಯಪುರದಾಗ ನೆಲಾನ ಸಪಾಟು, ದಿನಾ ಟಿಕೆಟ್ ತಗಸಿ ಗೋಳಗುಮ್ಮಟ ಹತ್ತೋಕಾಗಂಗಿಲ್ಲ, ಯಾವ್ದರ ಬಿಲ್ಡಿಂಗ್ ಮೆಟ್ಟಲ ಸಾಕು. ಇಳಿಯೋದೂ ಅಷ್ಟಾ ಪ್ರ್ಯಾಕ್ಟೀಸ್ ಮಾಡ್ರಿ, ಮೊಣಕಾಲು ಹೋಗೋದು ಅಲ್ಲೇ.

ಆದ್ರ ಕಾಲು ಗಟ್ಟಿ ಇದ್ರ ಆತು ಅನ್ಕೋಬ್ಯಾಡ್ರಿ. ನಮ್ಮ ಬೆಳಗಾವಿ ಇರೋದು ಸುಮಾರು 750 ಮೀಟರ್‌ನ್ಯಾಗ, 6,000ದಾಗ ಗಾಳಿ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕ ಬರ್ತೈತಿ, ಅಂದ್ರ ಒಂದೊಂದು ಉಸಿರಿಗೂ ಅರ್ಧಾನ ಆಕ್ಸಿಜನ್. 3,000 ದಾಟಿದ ಮ್ಯಾಲ ಮಲಗೋ ಜಾಗ ದಿನಕ್ಕ 500 ಮೀಟರ್‌ಗಿಂತ ಜಾಸ್ತಿ ಏರಸಬಾರ್ದು ಅನ್ನೋ ಲೆಕ್ಕ ಅದಕ್ಕ ಐತಿ. ಯುನಮ್‌ದ ಮೋಸ ಏನಂದ್ರ ರಸ್ತೆ. ಗಾಡ್ಯಾಗ ಆರಾಮ ಕುಂತು ಅರ್ಧ ದಿನದಾಗ ಜಿಸ್ಪಾ (ಸುಮಾರು 3,200) ಬಿಟ್ಟು ಯುನಮ್ ಬುಡದ ಭರತ್‌ಪುರ (ಸುಮಾರು 4,700) ಮುಟ್ಟಿಬಿಡ್ತೀರಿ. ನಾನೂ ಮೊದಲ ಸಲ ರಜಾ ಕಮ್ಮಿ ಅಂತ ಹಂಗಾ ಮಾಡಿ, ರಾತ್ರಿ ಪೂರ್ತಿ ತಲಿ ಸಿಡದು ವಾಂತಿ ಮಾಡ್ಕೊಂಡು ವಾಪಸ್ ಜಿಸ್ಪಾಕ್ಕ ಇಳದೆ, ಸಂಜೀಕ ಅನ್ನ ಸಾರು ಉಂಡೆ.

ಅದಕ್ಕ ಹಿಂಗ ಹೋಗ್ರಿ. ಗೋವಾ ಎಕ್ಸ್‌ಪ್ರೆಸ್ ಹಿಡದು ದಿಲ್ಲಿ ನಿಜಾಮುದ್ದೀನ್, ಅಲ್ಲಿಂದ ರಾತ್ರಿ ಬಸ್ಸಿಗೆ ಮನಾಲಿ, ಒಂದು ರಾತ್ರಿ ಅಲ್ಲಿ. ಆಮ್ಯಾಲ ಅಟಲ್ ಸುರಂಗ ದಾಟಿ ಜಿಸ್ಪಾದಾಗ ಮೂರು ರಾತ್ರಿ, ಹಗಲು ಗುಡ್ಡ ಹತ್ತಿ ರಾತ್ರಿ ಕೆಳಗ ಬಂದು ಮಲಗೋದು. ನಡುವಿನ ಜಿಂಗ್‌ಜಿಂಗ್‌ಬಾರ್‌ನ್ಯಾಗ ಎರಡು ರಾತ್ರಿ, ಭರತ್‌ಪುರದಾಗೂ ಎರಡು (ಇಲ್ಲಿ ಒಮ್ಮೆಗೆ 500ಕ್ಕಿಂತ ಜಾಸ್ತಿ ಏರೋದು ತಪ್ಪಂಗಿಲ್ಲ, ಅದಕ್ಕಾ ಹೆಚ್ಚಿನ ರಾತ್ರಿ), ಆಮ್ಯಾಲ ಮ್ಯಾಲಿನ ಕ್ಯಾಂಪ್. ಎತ್ತರದ ತ್ರಾಸಿಗೆ ಕೊಡೋ ಡೈಮಾಕ್ಸ್ ಗುಳಿಗಿ ತಗೋಬೇಕಾ ಅಂತ ಡಾಕ್ಟರ್‌ನ ಕೇಳ್ರಿ, ಸಲ್ಫಾ ಔಷಧದ ಅಲರ್ಜಿ ಇದ್ರ ಮೊದ್ಲಾ ಹೇಳ್ರಿ. ತಲಿನೋವು ಇದ್ರ ಮ್ಯಾಲ ಹೋಗಬ್ಯಾಡ್ರಿ. ನಡದ್ರ ತೂರಾಡೋದು, ಸುಮ್ನ ಕುಂತ್ರೂ ಏದುಸಿರು ಬಂತಂದ್ರ ರಾತ್ರಿ ಆಗಿದ್ರೂ ಕೆಳಗಿಳೀರಿ.

ಶಿಖರದ ದಿನ ರಾತ್ರಿ ಎರಡಕ್ಕ ಹೊರಡೋದು, ತಲಿಗೆ ಟಾರ್ಚ್. ನೀರಿನ ಬಾಟ್ಲಿ ಉಣ್ಣಿ ಕಾಲಚೀಲದಾಗ ತಲಿಕೆಳಗ ಇಡ್ರಿ, ಹೆಪ್ಪುಗಟ್ಟೋದು ಮ್ಯಾಲಿಂದ, ಬಾಯಿ ಕಟ್ಟಂಗಿಲ್ಲ. ಮಧ್ಯಾಹ್ನ 12ಕ್ಕ ತುದಿ ಎದುರಿಗೇ ಕಂಡ್ರೂ ಹಿಂದ ತಿರುಗ್ರಿ. ತಿನ್ನೋಕ ಗೋಕಾಕ ಕರದಂಟಿನಂಥದು ಇನ್ನೊಂದಿಲ್ಲ, ಆದ್ರ ಚಳಿಗೆ ಕಲ್ಲಾಗತೈತಿ, ಮನ್ಯಾಗಾ ಸಣ್ಣ ತುಂಡು ಮಾಡಿ ಒಳಗಿನ ಜಾಕೆಟ್ ಕಿಸೇದಾಗ ಇಟ್ಕೋರಿ.