ನೈಟ್ ಡ್ಯೂಟಿ ಯಾರಿಗೆ ಹಾಕಲಿ?

ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಆದ ಮೇಲೆ ನರ್ಸ್‌ಗಳ ಡ್ಯೂಟಿ ಪಟ್ಟಿ ಬರೆಯುವುದು ನನ್ನ ಪಾಲಿಗೆ ಬಂತು. ಪಟ್ಟಿ ಹಾಕುವ ಮುಂಚೆ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಕೇಳುತ್ತೇನೆ: "ರಜೆಯಲ್ಲಿ ಅಲಾರಂ ಇಲ್ದೆ ಎಷ್ಟೊತ್ತಿಗೆ ಮಲಗಿ ಎಷ್ಟೊತ್ತಿಗೆ ಏಳ್ತೀಯಮ್ಮಾ?" ನೈಟ್ ಮುಗಿದ ಮರುದಿನದ್ದು ಲೆಕ್ಕಕ್ಕಿಲ್ಲ. ಅದು ಸಾಲ ತೀರಿಸುವ ನಿದ್ದೆ.

ಹತ್ತಕ್ಕೆ ಮಲಗಿ ಐದಕ್ಕೆ ಏಳುವವರಿದ್ದಾರೆ. ಒಂದಕ್ಕೆ ಮಲಗಿ ಒಂಬತ್ತಕ್ಕೆ ಏಳುವವರೂ ಇದ್ದಾರೆ. ಜಾಸ್ತಿ ಜನ ಇವೆರಡರ ನಡುವೆ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ಸ್ವಲ್ಪ ಹುಟ್ಟಿನಿಂದ ಬಂದದ್ದು, ಸ್ವಲ್ಪ ವಯಸ್ಸಿನದು. ಇಪ್ಪತ್ತರ ಹುಡುಗಿಯರಿಗೆ ನಿದ್ದೆ ತಡ, ಐವತ್ತು ದಾಟಿದವರಿಗೆ ಬೇಗ. ದೇಹದೊಳಗಿನ ಈ ಗಡಿಯಾರ ಹೇಗೆ ನಡೆಯುತ್ತದೆ ಎಂದು ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಕೊಟ್ಟರು. ನಮ್ಮ ಡ್ಯೂಟಿ ಪಟ್ಟಿಗೆ ಆ ಸುದ್ದಿ ತಲುಪಿರಲಿಲ್ಲ!

ನಾನು ಐದಕ್ಕೇ ಏಳುವವಳು. ನೈಟ್ ಮುಗಿಸಿ ಬಂದು ಮಲಗಿದರೆ ಹನ್ನೊಂದಕ್ಕೆಲ್ಲ ಎಚ್ಚರ. ದಪ್ಪ ಕರ್ಟನ್ ಹಾಕಿದರೂ ಅಷ್ಟೇ. ತಡವಾಗಿ ಏಳುವ ಹುಡುಗಿ ಮಧ್ಯಾಹ್ನ ಎರಡರವರೆಗೂ ಹಾಯಾಗಿ ಮಲಗುತ್ತಾಳೆ. ಅವಳಿಗೇ ಬೆಳಗಿನ ಡ್ಯೂಟಿ ಹಾಕಿ ನೋಡಿ. ಹತ್ತಕ್ಕೆ ಲೈಟ್ ಆರಿಸಿದರೂ ಸುಮ್ನೆ ಹೊರಳಾಡುತ್ತಾಳೆ, ನಾಲ್ಕೈದು ಗಂಟೆ ನಿದ್ದೆಯಲ್ಲೇ ಪಾಳಿ ಬದಲಾಗುವ ಹ್ಯಾಂಡೋವರ್‌ಗೆ ಬಂದು ನಿಲ್ಲುತ್ತಾಳೆ.

ಹಾಗಾಗಿ ಬೇಗ ಏಳುವವರಿಗೆ ಬೆಳಗಿನ ಡ್ಯೂಟಿ ಜಾಸ್ತಿ, ಉಳಿದವರಿಗೆ ಮಧ್ಯಾಹ್ನ ಮತ್ತು ನೈಟ್. ನೈಟ್‌ನಿಂದ ಯಾರನ್ನೂ ಪೂರ್ತಿ ಬಿಡಿಸಲು ಆಗುವುದಿಲ್ಲ, ಜನ ಎಲ್ಲಿದ್ದಾರೆ? ಅದಕ್ಕೇ ಜೋಡಿ ಹಾಕುತ್ತೇನೆ: ಬೇಗ ಏಳುವವಳೊಬ್ಬಳು, ತಡವಾಗಿ ಏಳುವವಳೊಬ್ಬಳು. ಬೆಳಗಿನ ಜಾವ ಮೂರರಿಂದ ಐದು ಎಲ್ಲರಿಗೂ ಕಷ್ಟದ ಹೊತ್ತು. ಮೈ ಬಿಸಿ ತೀರಾ ಇಳಿದಿರುತ್ತದೆ. ಮೊದಲು ಜೋಲುವವಳು ಬೇಗ ಏಳುವವಳೇ. ಆಗ ಡ್ರಿಪ್‌ಗೆ ಪೊಟ್ಯಾಸಿಯಂ ಸೇರಿಸುವುದಿದ್ದರೆ ಸಿರಿಂಜ್ ಇನ್ನೊಬ್ಬಳ ಕೈಯಲ್ಲಿ. ಇವಳು ಪಕ್ಕದಲ್ಲಿ ನಿಂತು ಆಂಪೂಲ್ (ಔಷಧಿಯ ಪುಟ್ಟ ಸೀಸೆ) ಮೇಲಿನ ಹೆಸರು, ಕೇಸ್ ಶೀಟ್‌ನ ಡೋಸ್, ಬೆಡ್ ನಂಬರ್ ಗಟ್ಟಿಯಾಗಿ ಓದಬೇಕು. ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ಓದಿಕೊಂಡರೆ ಕಣ್ಣು ಓದುತ್ತದೆ, ತಲೆಗೆ ಹೋಗುವುದಿಲ್ಲ. ವಾರ್ಡ್ ಶಾಂತವಾಗಿದ್ದರೆ ಎರಡು ಗಂಟೆಗೆ ಬೇಗ ಏಳುವವಳನ್ನು ಇಪ್ಪತ್ತು ನಿಮಿಷ ಮಲಗಲು ಕಳಿಸಬೇಕು ಎಂದೂ ಹೇಳಿಟ್ಟಿದ್ದೇನೆ. ಆಮೇಲೆ ಕಾಫಿ ಬೇಡ. ಕುಡಿದ ಕೆಫೀನ್ ಅರ್ಧ ಇಳಿಯಲು ಐದಾರು ಗಂಟೆ ಬೇಕು, ಮನೆಗೆ ಹೋದಾಗ ನಿದ್ದೆಗೆ ಅಡ್ಡ ಬರುತ್ತದೆ.

ಪಾಳಿ ಬದಲಿಸುವುದೂ ಬೆಳಗ್ಗೆ, ಮಧ್ಯಾಹ್ನ, ನೈಟ್ ಎಂಬ ಕ್ರಮದಲ್ಲೇ. ಒಳಗಿನ ಗಡಿಯಾರ ಹೆಚ್ಚಿನವರಲ್ಲಿ 24 ಗಂಟೆಗಿಂತ ಚೂರು ಉದ್ದ. ನಿದ್ದೆಯನ್ನು ಮುಂದೂಡುವಷ್ಟು ಸುಲಭವಾಗಿ ಹಿಂದಕ್ಕೆ ಎಳೆಯಲು ಆಗುವುದಿಲ್ಲ.

ಇಷ್ಟಾದರೂ "ಅವಳಿಗೇ ಯಾಕೆ ಬೆಳಗಿನ ಡ್ಯೂಟಿ?" ಎಂಬ ಮುನಿಸು ತಪ್ಪಿದ್ದಲ್ಲ. ನ್ಯಾಯವೇ ಅಲ್ವಾ? ನೈಟ್ ಜಾಸ್ತಿ ಮಾಡುವವರಿಗೆ ಹಬ್ಬದ ರಜೆ ಮೊದಲು ಆರಿಸಿಕೊಳ್ಳಲು ಬಿಟ್ಟಿದ್ದೇನೆ. ಅಂದಮೇಲೆ ಯುಗಾದಿ, ದೀಪಾವಳಿಗೆ ವಾರ್ಡ್‌ನಲ್ಲಿ ಇರುವವಳು ನಾನೇ.