ಎರಡು ದಿನ, ಮೂರು ಗೋರಿ, ಲೆಕ್ಕವಿಲ್ಲದಷ್ಟು ರೊಟ್ಟಿ: ವಿಜಯಪುರಕ್ಕೆ ವಾರಾಂತ್ಯದ ಪ್ಲಾನ್

ವಿಜಯಪುರಕ್ಕೆ ಮೊದಲ ಸಲ ಹೋದಾಗ ನನ್ನ ಜೇಬಿನಲ್ಲಿ ಹದಿನಾಲ್ಕು ಜಾಗಗಳ ಪಟ್ಟಿ ಇತ್ತು. ಇದ್ದದ್ದು ಒಂದೇ ದಿನ, ಅದೂ ಏಪ್ರಿಲ್ ತಿಂಗಳು. ಗೋಲಗುಂಬಜ್ ತಲುಪಿದಾಗ ಗಂಟೆ ಹನ್ನೊಂದೂವರೆ. ಏದುಸಿರು ಬಿಡುತ್ತಾ ಮೇಲೆ ಹತ್ತಿದರೆ ರಜೆಗೆ ಬಂದ ಜನವೋ ಜನ. ಎಲ್ಲರೂ ಕೂಗುವವರೇ, ಶಿಳ್ಳೆ ಹೊಡೆಯುವವರೇ. ಗೋಡೆಯ ಪಿಸುಮಾತು ಹಾಗಿರಲಿ, ಪಕ್ಕದಲ್ಲಿದ್ದ ಹೆಂಡತಿ ಹೇಳಿದ್ದೂ ಕೇಳಿಸಲಿಲ್ಲ. ಬಿಸಿಲಿನಲ್ಲಿ ಅಲೆದು ಅಲೆದು ಸಂಜೆ ಇಬ್ರಾಹಿಂ ರೋಜಾಕ್ಕೆ ಹೋದರೆ ಬಾಗಿಲು ಹಾಕುವ ಹೊತ್ತಾಗಿತ್ತು. ಪಟ್ಟಿಯಲ್ಲಿ ಹನ್ನೊಂದು ಜಾಗಕ್ಕೆ ಟಿಕ್ ಬಿತ್ತು. ನೆನಪಿನಲ್ಲಿ ಉಳಿದದ್ದು ತಲೆನೋವು ಮಾತ್ರ.

ಆಮೇಲೆ ಮೂರು ಸಲ ಹೋಗಿ ಬಂದೆ. ಈ ಊರಿಗೆ ಹೊರಡುವವರು ಮೊದಲು ಗಡಿಯಾರ ನೋಡಬೇಕು, ಆಮೇಲೆ ನಕ್ಷೆ. ಬೆಳಗಿನ ಮೌನ ಯಾವ ಜಾಗಕ್ಕೆ, ಸಂಜೆಯ ಬೆಳಕು ಯಾವುದಕ್ಕೆ, ಮಧ್ಯಾಹ್ನದ ಬಿಸಿಲಲ್ಲಿ ಎಲ್ಲಿ ಕೂರಬೇಕು ಅಂತ ಮೊದಲೇ ಹಂಚಿಕೊಂಡರೆ ಎರಡು ದಿನ ಧಾರಾಳವಾಗಿ ಸಾಕು.

ಮೊದಲು ತಿಂಗಳು, ಆಮೇಲೆ ಟಿಕೆಟ್

ನವೆಂಬರ್‌ನಿಂದ ಫೆಬ್ರುವರಿವರೆಗೆ ಹೋಗಿ. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಕಲ್ಲಿನ ಕಟ್ಟಡಗಳ ನಡುವೆ ಬರಿಗಾಲಲ್ಲಿ ನಿಲ್ಲುವುದಕ್ಕೂ ಆಗುವುದಿಲ್ಲ. ಚಳಿಗಾಲಕ್ಕೆ ಇನ್ನೊಂದು ಲಾಭವಿದೆ. ಆಗ ಹೊಲದಲ್ಲಿ ಜೋಳ ಹಾಲುಗಾಳಾಗಿರುತ್ತದೆ, ಎಳೆ ತೆನೆ ಸುಟ್ಟು ಉಜ್ಜಿ ತೆಗೆದ ಸೀತನಿ ಸಿಗುತ್ತದೆ. ಯಾರಾದರೂ ಹೊಲಕ್ಕೆ ಕರೆದರೆ ಉಳಿದ ಪ್ಲಾನ್ ಎಲ್ಲಾ ಬಿಟ್ಟು ಹೋಗಿಬಿಡಿ.

ಒಂದು ಎಚ್ಚರಿಕೆ: ಜನವರಿಯ ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ. ಜಾತ್ರೆ ನೋಡಲೆಂದೇ ಹೋಗುವವರಿಗೆ ಅದು ಹಬ್ಬ. ಸುಮ್ನೆ ಗುಂಬಜ್ ನೋಡಿ ಬರೋಣ ಅನ್ನುವವರು ರೂಮಿಗಾಗಿ ಪರದಾಡಬೇಕಾಗುತ್ತದೆ.

ಬೆಂಗಳೂರಿನಿಂದ 500 ಕಿ.ಮೀ.ಗೂ ಜಾಸ್ತಿ ದೂರ. ಕಾರಿನಲ್ಲಿ ಹೋದರೆ ವಾರಾಂತ್ಯದ ಅರ್ಧ ಭಾಗ ರಸ್ತೆಯಲ್ಲೇ ಕಳೆಯುತ್ತದೆ. ಶುಕ್ರವಾರ ಸಂಜೆ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮಲಗಿ, ಹುಬ್ಬಳ್ಳಿ, ಗದಗ, ಬಾಗಲಕೋಟೆ ದಾಟಿ ಮರುದಿನ ಬೆಳಿಗ್ಗೆ ಇಳಿಯುವುದು ಒಳ್ಳೆಯದು. ರೈಲಿನ ಸಮಯ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವಾಗ ನೋಡಿಕೊಳ್ಳಿ. ಭಾನುವಾರ ಸಂಜೆಯ ವಾಪಸ್ ಟಿಕೆಟನ್ನೂ ಆಗಲೇ ಮಾಡಿಬಿಡಿ. ಊರು ಹತ್ತಿರವಾಗುವಾಗ ಕಿಟಕಿ ಪಕ್ಕ ಕೂರಿ. ನಿಲ್ದಾಣ ಬರುವ ಮೊದಲೇ ಗುಂಬಜ್ ಬರುತ್ತದೆ. ಹುಬ್ಬಳ್ಳಿ, ಕಲಬುರಗಿ, ಸೊಲ್ಲಾಪುರದ ಕಡೆಯವರಿಗೆ ಬಸ್ಸೇ ಸಾಕು.

ರೂಮನ್ನು ಸ್ಟೇಷನ್ ರಸ್ತೆಯಲ್ಲೋ ಗಾಂಧಿ ಚೌಕದ ಸುತ್ತಮುತ್ತಲೋ ಹಿಡಿಯಿರಿ. ಗೋಲಗುಂಬಜ್ ಊರಿನ ಪೂರ್ವಕ್ಕಿದೆ, ಇಬ್ರಾಹಿಂ ರೋಜಾ ಪಶ್ಚಿಮಕ್ಕೆ, ಹಳೆಯ ಕೋಟೆಗೋಡೆಯ ಆಚೆ. ನಡುವೆ ಉಳಿದರೆ ಎರಡೂ ಕಡೆಗೆ ಆಟೊ ಸಾಕು. ಟಾಂಗಾ ಸಿಕ್ಕರೆ ಹತ್ತಿ, ಆದರೆ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ.

ಶನಿವಾರ ಮಧ್ಯಾಹ್ನ ಖಾನಾವಳಿಗೆ ಮೀಸಲು

ಇಳಿದ ಕೂಡಲೇ ಗುಂಬಜ್ ಕಡೆ ಓಡಬೇಡಿ. ಆ ಹೊತ್ತಿಗೆ ಅಲ್ಲಿ ಜನ ತುಂಬಿರುತ್ತಾರೆ. ಸ್ನಾನ ಮಾಡಿ, ಚುರುಮುರಿ ಸೂಸಲಾ, ಅದರ ಪಕ್ಕಕ್ಕೆ ಮಿರ್ಚಿ ಭಜಿ, ಒಂದು ಚಹಾ. ಇಷ್ಟೇ ಸಾಕು. ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಬೇಕು.

ಹನ್ನೆರಡೂವರೆ, ಒಂದು ಗಂಟೆ ಹೊತ್ತಿಗೆ ಒಂದು ಖಾನಾವಳಿ ಹುಡುಕಿ. ಹುಡುಕುವುದು ಹೇಗೆ? ಬೋರ್ಡ್ ನೋಡಬೇಡಿ, ಶಬ್ದ ಕೇಳಿ. ಒಳಗಿನಿಂದ ರೊಟ್ಟಿ ಬಡಿಯುವ ಪಟಪಟ ಸದ್ದು ಬರುತ್ತಿದ್ದರೆ ಬಿಸಿ ರೊಟ್ಟಿ ಇದೆ ಎಂದರ್ಥ. ಸದ್ದಿಲ್ಲದಿದ್ದರೆ ಬೆಳಿಗ್ಗೆಯೇ ಬಡಿದು ಜೋಡಿಸಿಟ್ಟದ್ದು. ಊರಿನ ನೌಕರರು, ಸಂತೆಗೆ ಬಂದ ರೈತರು ಕೂತಿರುವ ಜಾಗವೇ ನಿಮಗೂ ಸರಿ.

ತಾಟು ಬಂದಾಗ ಗಾಬರಿಯಾಗಬೇಡಿ. ಎಣ್ಣೆಗಾಯಿ ಇರುತ್ತದೆ, ಅಂದರೆ ಸಣ್ಣ ಬದನೆಕಾಯಿ ಸೀಳಿ, ಶೇಂಗಾ, ಎಳ್ಳು, ಗುರೆಳ್ಳಿನ ಮಸಾಲೆ ತುಂಬಿದ್ದು. ಕಡಲೆಹಿಟ್ಟಿನ ಜುಣಕ, ಮಡಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಹಿಂಡಿ ಅಂದರೆ ಇಲ್ಲಿ ಚಟ್ನಿಪುಡಿ), ಕೆಂಪು ಖಾರ, ಗಟ್ಟಿ ಮೊಸರು. ಬದಿಗೆ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಸವತೆಕಾಯಿ. ದಕ್ಷಿಣದಿಂದ ಬಂದವರು ಮೊದಲು ಮಾಡುವ ತಪ್ಪು ಹಿಂಡಿಯನ್ನು ಹಾಗೇ ನಾಲಿಗೆಗೆ ಇಡುವುದು. ಹಿಂಡಿಯ ನಡುವೆ ಕುಳಿ ಮಾಡಿ ಮೊಸರೋ ಎಣ್ಣೆಯೋ ಹಾಕಿ ಕಲಸಿ, ರೊಟ್ಟಿಯ ತುಂಡಿನಲ್ಲಿ ಬಳಿದು ತಿನ್ನಿ. ಎರಡನೇ ತಪ್ಪು ಅನ್ನಕ್ಕೆ ಕಾಯುವುದು. ಅನ್ನ, ಸಾರು ಬರುವುದು ಕೊನೆಗೆ, ಅದೂ ಒಂದಿಷ್ಟೇ. ಇಲ್ಲಿ ಊಟ ಅಂದರೆ ರೊಟ್ಟಿ.

ಚಳಿಗಾಲದಲ್ಲಿ ಸಜ್ಜೆ ರೊಟ್ಟಿ ಸಿಕ್ಕರೆ ಕೇಳಿ ಹಾಕಿಸಿಕೊಳ್ಳಿ. ಮೇಲೆ ಎಳ್ಳು ಒತ್ತಿರುತ್ತಾರೆ, ಬೆಣ್ಣೆ ಹಚ್ಚಿದರೆ ಬೇರೆ ಏನೂ ಬೇಡ. ನಾನು ಮೂರನೇ ರೊಟ್ಟಿಗೆ "ಸಾಕ್ರಿ ಅಕ್ಕಾರ" ಅಂದಾಗ ಬಡಿಸುತ್ತಿದ್ದ ಹೆಂಗಸು ನಕ್ಕು, "ಹಂಗಂದ್ರ ಹೆಂಗ್ರಿ, ಈಗರೆ ಕುಂತೀರಿ, ಇನ್ನೊಂದ್ ತಗೋರಿ" ಅಂತ ಹಾಕಿಯೇಬಿಟ್ಟರು. ನಿಜವಾಗಿಯೂ ಸಾಕಾದರೆ ತಾಟಿನ ಮೇಲೆ ಕೈ ಅಡ್ಡ ಹಿಡಿಯಿರಿ. ಬಾಯಿ ಮಾತನ್ನು ಯಾರೂ ನಂಬುವುದಿಲ್ಲ.

ಉಂಡ ಮೇಲೆ ಮೂರು ಗಂಟೆವರೆಗೆ ಮಲಗಿ. ಇದು ಪ್ಲಾನಿನ ಭಾಗವೇ.

ಶನಿವಾರ ಸಂಜೆ: ಊರಿನ ಪಶ್ಚಿಮ

ಮೂರೂವರೆಗೆ ಇಬ್ರಾಹಿಂ ರೋಜಾ. ನನ್ನ ಮಟ್ಟಿಗೆ ಈ ಊರಿನ ಅತ್ಯಂತ ಚೆಂದದ ಕಟ್ಟಡ ಇದೇ, ಗೋಲಗುಂಬಜ್ ಅಲ್ಲ. ಒಂದೇ ಜಗುಲಿಯ ಮೇಲೆ ಎದುರುಬದುರಾಗಿ ಗೋರಿ ಮತ್ತು ಮಸೀದಿ, ನಡುವೆ ನೀರಿನ ತೊಟ್ಟಿ. ಎರಡನೇ ಇಬ್ರಾಹಿಂ ಆದಿಲ್‌ಶಾಹ ಇದನ್ನು ರಾಣಿ ತಾಜ್ ಸುಲ್ತಾನಾಳಿಗಾಗಿ ಕಟ್ಟಿಸಲು ಹೊರಟವನು. 1627ರಲ್ಲಿ ಅವನೇ ಮೊದಲು ತೀರಿಕೊಂಡ. ತಾಜ್‌ಮಹಲಿಗೆ ಇದೇ ಸ್ಫೂರ್ತಿ ಅಂತ ಗೈಡುಗಳು ಹೇಳುತ್ತಾರೆ. ಆ ವಾದ ಬಿಡಿ, ಕಿಟಕಿಗಳನ್ನು ನೋಡಿ. ಜಾಲಂಧ್ರಗಳನ್ನೇ ಅಕ್ಷರಗಳಾಗಿ ಕೊರೆದಿದ್ದಾರೆ. ಬೆಳಕು ಬರಬೇಕಾದರೆ ಬರಹದ ಸಂದುಗಳಿಂದಲೇ ಒಳಗೆ ಬರಬೇಕು. ಸಂಜೆಯ ಓರೆ ಬಿಸಿಲು ಈ ಗೋಡೆಗಳ ಕೆತ್ತನೆಯನ್ನು ಎಬ್ಬಿಸಿ ತೋರಿಸುತ್ತದೆ. ಮಧ್ಯಾಹ್ನ ಬಂದವರಿಗೆ ಅದೇ ಗೋಡೆ ಚಪ್ಪಟೆ.

ಒಂದು ಕಡೆ ಕೂತು ಈ ಇಬ್ರಾಹಿಂ ಬಗ್ಗೆ ಸ್ವಲ್ಪ ಯೋಚಿಸಿ. 1580ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಮುಂದೆ ಸಂಗೀತದ ಹುಚ್ಚು ಹಿಡಿಸಿಕೊಂಡ. ತನ್ನ ತಂಬೂರಿಗೆ 'ಮೋತಿಖಾನ್' ಅಂತ ಹೆಸರಿಟ್ಟಿದ್ದ. ದಖನಿ ಭಾಷೆಯಲ್ಲಿ ಹಾಡು ಕಟ್ಟಿ, ಅವುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ. ಆ ಹಾಡುಗಳ ಸಂಗ್ರಹವೇ 'ಕಿತಾಬ್-ಎ-ನವರಸ್'. ಜನ ಅವನನ್ನು 'ಜಗದ್ಗುರು ಬಾದಶಾಹ' ಅನ್ನುತ್ತಿದ್ದರು. ಫೋನಿನಲ್ಲಿ ಹತ್ತು ನಿಮಿಷ ದಖನಿ ಕವಾಲಿಯೋ ತತ್ವಪದವೋ ಇಯರ್‌ಫೋನ್ ಹಾಕಿಕೊಂಡು ಕೇಳಿ. ಸ್ಪೀಕರ್ ಹಾಕಬೇಡಿ, ದಯವಿಟ್ಟು.

ವಾಪಸ್ ಬರುವಾಗ ತಾಜ್ ಬಾವಡಿ ನೋಡಿ. ಅದೇ ರಾಣಿಯ ಹೆಸರಿನ ದೊಡ್ಡ ಬಾವಿ, 1620ರದ್ದು. ಅಲ್ಲಿಂದ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿಯ ಬಳಿ ಸಿಂಹ ಆನೆಯನ್ನು ಅಗಿಯುತ್ತಿದೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು 150 ರೂಪಾಯಿಗೆ ಹರಾಜು ಹಾಕಿ ಆಮೇಲೆ ಮನಸ್ಸು ಬದಲಿಸಿದರು. ಪುಣ್ಯ!

ಕೊನೆಗೆ, ಇನ್ನೂ ಬೆಳಕಿರುವಾಗಲೇ, ಹತ್ತಿರದ ಉಪ್ಲಿ ಬುರುಜು ಹತ್ತಿ. 1584ರಲ್ಲಿ ಹೈದರ್‌ಖಾನ್ ಕಟ್ಟಿಸಿದ, ಸುಮಾರು 80 ಅಡಿ ಎತ್ತರದ ಕಾವಲು ಗೋಪುರ. ಮೆಟ್ಟಿಲು ಹೊರಗಿನಿಂದ ಸುತ್ತಿ ಹೋಗುತ್ತದೆ, ಮಕ್ಕಳ ಕೈ ಹಿಡಿದುಕೊಳ್ಳಿ. ಮೇಲೆ ಉದ್ದನೆಯ ತೋಪುಗಳಿವೆ. ನಾಳೆ ನೋಡಬೇಕಾದ ಗುಂಬಜ್ ಇಲ್ಲಿಂದ ದೂರದಲ್ಲಿ ಬೋರಲು ಹಾಕಿದ ಗಡಿಗೆಯ ಹಾಗೆ ಕಾಣುತ್ತದೆ.

ಭಾನುವಾರ ಬೆಳಿಗ್ಗೆ: ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿರಿ

ಬಾಗಿಲು ತೆರೆಯುವ ಸಮಯವನ್ನು ಹಿಂದಿನ ದಿನವೇ ಕೇಳಿಟ್ಟುಕೊಂಡು, ಹತ್ತು ನಿಮಿಷ ಮೊದಲು ಅಲ್ಲಿರಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ನೀರು ಕುಡಿದು ಹತ್ತಿ. ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ಗೋಪುರಗಳಿವೆ, ಮೆಟ್ಟಿಲು ಅವುಗಳ ಒಳಗೆ. ಕಿರಿದಾದ, ಕಡಿದಾದ ಮೆಟ್ಟಿಲು. ಮಂಡಿನೋವಿನವರು ಕೆಳಗೇ ಕೂತು ಮೇಲೆ ನೋಡಿದರೂ ನಷ್ಟವಿಲ್ಲ. ಅಷ್ಟು ದೊಡ್ಡ ಗುಮ್ಮಟ, ಹೊರಗಿನ ಅಳತೆ 44 ಮೀಟರ್, ಒಳಗೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಅಡ್ಡ ಹಾಯುವ ಎಂಟು ಕಮಾನುಗಳು ಭಾರ ಹೊತ್ತಿವೆ. ಕೆಳಗೆ ಕಾಣುವ ಗೋರಿಗಳು ಗುರುತಿಗೆ ಮಾತ್ರ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್‌ಶಾಹನ ನಿಜವಾದ ಸಮಾಧಿ ನೆಲಮಾಳಿಗೆಯಲ್ಲಿದೆ.

ಪಿಸುಗುಟ್ಟುವ ಗ್ಯಾಲರಿಯಲ್ಲಿ ಹೀಗೆ ಮಾಡಿ. ಒಬ್ಬರು ಒಂದು ಬದಿಯಲ್ಲಿ, ಇನ್ನೊಬ್ಬರು ನೇರ ಎದುರು ಬದಿಯಲ್ಲಿ ಗೋಡೆಗೆ ಒರಗಿ ಕೂರಿ. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, ಗಂಟಲಿನ ಧ್ವನಿ ಬಿಟ್ಟು ಬರೀ ಉಸಿರಿನಲ್ಲಿ ಮಾತಾಡಿ. ಎದುರಿನವರು ಗೋಡೆಗೆ ಕಿವಿ ಕೊಡಲಿ. ದುಂಡಗಿನ ಗೋಡೆಗೆ ಮತ್ತೆ ಮತ್ತೆ ತಾಕುತ್ತಾ, ಚದುರದೆ, ಮಾತು ಸುತ್ತಿಕೊಂಡು ಅವರ ಕಿವಿಗೆ ಹೋಗುತ್ತದೆ. ಕೂಗಿದರೆ ಎಲ್ಲಾ ಹಾಳು, ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ನನ್ನ ಎರಡನೇ ಸಲದಲ್ಲಿ ಆಚೆ ಬದಿಯಿಂದ ಕೇಳಿದ ಮೊದಲ ಮಾತು, "ಗ್ಯಾಸ್ ಆಫ್ ಮಾಡಿದ್ರಾ?" ಆಮೇಲೆ ಒಂದೇ ಒಂದು ಚಪ್ಪಾಳೆ ತಟ್ಟಿ ಎಷ್ಟು ಸಲ ಮರಳಿ ಬರುತ್ತದೆ ಅಂತ ಎಣಿಸಿ. ಬೆರಳು ಸಾಲದೆ ಹೋಗಬಹುದು. ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಲ್ಲುವಷ್ಟರಲ್ಲಿ ಇಳಿದುಬಿಡಿ.

ಎದುರಿನ ನಗಾರಿಖಾನೆಯಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಶುಕ್ರವಾರ ಮಾತ್ರ ರಜೆ. ಅರ್ಧ ಗಂಟೆ ಸಾಕು.

ಬಿಸಿಲೇರುವ ಮುಂಚೆ ಉಳಿದದ್ದು

ಜಾಮಿಯಾ ಮಸೀದಿಗೆ ನಮಾಜಿನ ಹೊತ್ತು ಬಿಟ್ಟು ಹೋಗಿ, ಮೈ ಮುಚ್ಚುವ ಬಟ್ಟೆ ಇರಲಿ. ಪ್ರವಾದಿಯವರ ಕೂದಲು ಇದೆ ಎಂದು ನಂಬುವ ಅಸರ್ ಮಹಲಿನ ಒಳಕ್ಕೆ ಹೆಂಗಸರಿಗೆ ಪ್ರವೇಶವಿಲ್ಲ. ಸಂಸಾರ ಸಮೇತ ಬಂದವರು ಸಮಯ ಉಳಿಸಿಕೊಳ್ಳಬಹುದು.

ಬಾರಾ ಕಮಾನ್ ಮಾತ್ರ ಬಿಡಬೇಡಿ. ಇಬ್ರಾಹಿಮನ ಮಗ ಮೊಹಮ್ಮದ್, ಮೊಹಮ್ಮದನ ಮಗ ಎರಡನೇ ಅಲಿ. ಅಪ್ಪನ ಗುಂಬಜಿಗಿಂತ ದೊಡ್ಡದು ಕಟ್ಟಿಸುತ್ತೇನೆ ಅಂತ ಹೊರಟವನು ಈ ಅಲಿ, ಹಾಗಂತ ಊರಿನವರು ಹೇಳುತ್ತಾರೆ. 1672ರಲ್ಲಿ ಅವನು ಸತ್ತಾಗ ಕೆಲಸ ಅರ್ಧಕ್ಕೇ ನಿಂತಿತು. ಮುಂದೆ ಹದಿನಾಲ್ಕೇ ವರ್ಷಕ್ಕೆ ಔರಂಗಜೇಬ ಬಂದು ರಾಜ್ಯವನ್ನೇ ತೆಗೆದುಕೊಂಡ. ಛಾವಣಿಯಿಲ್ಲದ ಕರಿಗಲ್ಲಿನ ಕಮಾನುಗಳ ನಡುವೆ ಹುಲ್ಲು ಬೆಳೆದಿದೆ, ಹುಡುಗರು ಓದಿಕೊಳ್ಳುತ್ತಾ ಕೂತಿರುತ್ತಾರೆ. ನಿನ್ನೆ ಅಜ್ಜನದ್ದು ನೋಡಿದಿರಿ, ಬೆಳಿಗ್ಗೆ ಅಪ್ಪನದ್ದು. ಅದೇ ಕ್ರಮದಲ್ಲಿ ಬಂದವರಿಗೆ ಮೊಮ್ಮಗನ ಈ ಬಯಲು ಗೋರಿಯಲ್ಲಿ ಕಾಲು ತಾನಾಗಿ ನಿಲ್ಲುತ್ತದೆ.

ಬಸವನ ಬಾಗೇವಾಡಿ ಸುಮಾರು 45 ಕಿ.ಮೀ. ದೂರ, ಹೋಗಿಬರೋಣ ಅನಿಸುತ್ತದೆ. ಮೂರನೇ ದಿನ ಇದ್ದರೆ ಹೋಗಿ, ಇಲ್ಲದಿದ್ದರೆ ಬೇಡ.

ಚೀಲ ಕಟ್ಟುವಾಗ

ಎರಡನೇ ಖಾನಾವಳಿ ಊಟ ಮುಗಿಸಿ ಬಜಾರಿಗೆ ಹೋಗಿ. ಈ ಜಿಲ್ಲೆ ದ್ರಾಕ್ಷಿ ಸೀಮೆ, ಒಣದ್ರಾಕ್ಷಿ ಚೆನ್ನಾಗಿರುತ್ತದೆ. ಒಂದು ಕಾಳು ಬಾಯಿಗೆ ಹಾಕಿಕೊಂಡು ನೋಡಿ ಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಇಂಡಿ ತಾಲೂಕಿನ ಲಿಂಬೆಹಣ್ಣು ಸಿಕ್ಕರೆ ಒಂದು ಡಜನ್. ಶೇಂಗಾ ಹಿಂಡಿ, ಅಗಸಿ ಹಿಂಡಿ ಕಾಲು ಕಾಲು ಕಿಲೋ. ಶೇಂಗಾ ಹೋಳಿಗೆ ನಾಲ್ಕು ದಿನವಾದರೂ ಕೆಡುವುದಿಲ್ಲ, ಆದರೆ ನಮ್ಮ ಮನೆಯಲ್ಲಿ ಅಷ್ಟು ದಿನ ಉಳಿದದ್ದೂ ಇಲ್ಲ.

ಕಡಕ್ ರೊಟ್ಟಿಯ ಕಟ್ಟನ್ನು ಕೊನೆಗೆ ಕೊಂಡು, ಕೈಯಲ್ಲೇ ಹಿಡಿದುಕೊಳ್ಳಿ. ಬರ್ತಿನ ಕೆಳಗೆ ಸೂಟ್‌ಕೇಸುಗಳ ನಡುವೆ ತಳ್ಳಿದರೆ ಬೆಂಗಳೂರಿಗೆ ಬರುವಷ್ಟರಲ್ಲಿ ಮೊಸರಿಗೆ ಕಲಸಿ ತಿನ್ನುವ ಪುಡಿ ಆಗಿರುತ್ತದೆ. ಹಾಗೆ ತಿಂದರೂ ರುಚಿಯೇ, ಅದು ಬೇರೆ ಮಾತು.